69 ಸೆಕೆಂಡು

ಎರಡು ದಿನ ನಾನು ಏನೋ ದೊಡ್ಡದನ್ನೇ ಕಂಡುಹಿಡಿದುಬಿಟ್ಟೆ ಅಂತ ನಂಬ್ಕೊಂಡು ಓಡಾಡ್ತಿದ್ದೆ.

ಒಂದು ಕೆಂಪು ಕುಬ್ಜ ನಕ್ಷತ್ರ (ಸೂರ್ಯನಿಗಿಂತ ಚಿಕ್ಕದು, ತಂಪು), ಅದರ ಮೇಲೆ ಒಂದು ಫ್ಲೇರ್, ಅಂದ್ರೆ ಇದ್ದಕ್ಕಿದ್ದಂಗೆ ಆಗೋ ಸ್ಫೋಟ, ಆ ಫ್ಲೇರನ್ನ ಒಂದೇ ಹೊತ್ತಲ್ಲಿ ಮೂರು ಕಡೆಯಿಂದ ನೋಡಿದ ಡೇಟಾ. ಗ್ರಹ ಹುಡುಕಕ್ಕೆ ಅಂತ ಇರೋ ಟೆಸ್ ಉಪಗ್ರಹದಿಂದ ಕಣ್ಣಿಗೆ ಕಾಣೋ ಬೆಳಕು, ಇನ್ನೊಂದು ಉಪಗ್ರಹದಿಂದ ಎಕ್ಸ್-ರೇ, ನೆಲದ ಮೇಲಿಂದ ರೇಡಿಯೋ. ಮೂರನ್ನೂ ಒಂದರ ಕೆಳಗೆ ಒಂದು ಪ್ಲಾಟ್ ಮಾಡಿ ನೋಡಿದ್ರೆ ಎಕ್ಸ್-ರೇ ಪೀಕ್ ಬೆಳಕಿನ ಪೀಕ್‌ಗಿಂತ ಸುಮಾರು ಅರ್ಧ ನಿಮಿಷ ಮೊದಲೇ ಬಂದಿದೆ! ಇದು ತಲೆಕೆಳಗು. ಪುಸ್ತಕದ ಪ್ರಕಾರ ಬೆಳಕು ಮೊದಲು, ಎಕ್ಸ್-ರೇ ಆಮೇಲೆ. ಕೈ ನಡುಗ್ತಾ ಇತ್ತು ನಿಜವಾಗ್ಲೂ. ಪೇಪರ್‌ಗೆ ಹೆಡ್ಡಿಂಗ್ ಕೂಡ ಯೋಚಿಸಿಟ್ಟಿದ್ದೆ, ಈಗ ಅದನ್ನ ಹೇಳಕ್ಕೆ ನಾಚಿಕೆ ಆಗತ್ತೆ.

ಜೊತೆಗೆ ಕೆಲಸ ಮಾಡೋ ಸೀನಿಯರ್ ಒಬ್ಬರಿಗೆ ತೋರಿಸಿದೆ. ಅವರು ಪ್ಲಾಟ್ ನೋಡಿದ್ದು ಐದು ಸೆಕೆಂಡೂ ಇಲ್ಲ. "ಇದು ಯಾವ ಟೈಮು?" ಅಂದ್ರು. ನಾನು ತಾರೀಖು ಹೇಳಿದೆ. "ತಾರೀಖಲ್ಲ ಕಣೋ, ಕೆಳಗಿನ ಆಕ್ಸಿಸ್ ಮೇಲೆ ಇರೋದು ಯಾವ ಟೈಮು?"

ಅಷ್ಟಕ್ಕೇ ನನಗೆ ಅರ್ಥ ಆಗೋಯ್ತು ಅಂತ ಹೇಳಿದ್ರೆ ಸುಳ್ಳು. ಅರ್ಥ ಆಗಕ್ಕೆ ಒಂದು ಸಂಜೆ ಪೂರ್ತಿ ಬೇಕಾಯ್ತು. ಅದಕ್ಕೆ ವಾಪಸ್ ಬರ್ತೀನಿ, ಅದಕ್ಕೂ ಮುಂಚೆ ಎಕ್ಸ್-ರೇ ಯಾಕೆ ತಡವಾಗಿ ಬರಬೇಕು ಅನ್ನೋದನ್ನ ಹೇಳದೇ ಹೋದ್ರೆ ನನ್ನ ಪೆದ್ದುತನದ ಪೂರ್ತಿ ಸ್ವಾರಸ್ಯ ನಿಮಗೆ ಸಿಗಲ್ಲ.

ನಕ್ಷತ್ರದ ಕಾಂತಕ್ಷೇತ್ರ ಅನ್ನೋದು ಸುಮ್ನೆ ಕೂತಿರೋ ವಸ್ತು ಅಲ್ಲ. ಒಳಗೆ ಬಿಸಿ ಅನಿಲ ಕುದೀತಾ ಮೇಲೆ ಕೆಳಗೆ ಓಡಾಡ್ತಿರತ್ತೆ, ಜೊತೆಗೆ ನಕ್ಷತ್ರ ತಿರುಗ್ತಾ ಇರತ್ತೆ, ಇವೆರಡೂ ಸೇರಿ ಕಾಂತರೇಖೆಗಳನ್ನ ಹಗ್ಗ ಹೊಸೆದ ಹಾಗೆ ಹೊಸೀತಾ ಹೋಗ್ತವೆ. ಎಷ್ಟು ಅಂತ ಹೊಸೆಯಕ್ಕಾಗತ್ತೆ, ಒಂದು ಹಂತದಲ್ಲಿ ರೇಖೆಗಳು ತುಂಡಾಗಿ ಬೇರೆ ಥರ ಕೂಡ್ಕೊಳ್ತವೆ, ಅಲ್ಲಿ ತನಕ ಕೂಡಿಟ್ಟ ಶಕ್ತಿ ಎಲ್ಲಾ ಒಂದೇ ಸಲ ಬಿಡುಗಡೆ ಆಗತ್ತೆ. ಅದೇ ಫ್ಲೇರ್. ಸೂರ್ಯನ ಮೇಲೂ ಇದೇ ಆಗೋದು. ಆದ್ರೆ ಕೆಂಪು ಕುಬ್ಜಗಳು, ಅದರಲ್ಲೂ ಚಿಕ್ಕ ವಯಸ್ಸಿನ, ಜೋರಾಗಿ ತಿರುಗೋ ಕೆಂಪು ಕುಬ್ಜಗಳು ಈ ವಿಷಯದಲ್ಲಿ ಸೂರ್ಯನ್ನ ಸಾಧು ಪ್ರಾಣಿ ಅನ್ನಿಸಿಬಿಡ್ತವೆ.

ರೇಖೆಗಳು ಕೂಡಿಕೊಂಡ ಜಾಗದಿಂದ ಎಲೆಕ್ಟ್ರಾನುಗಳು ಬೆಳಕಿನ ವೇಗಕ್ಕೆ ಹತ್ತಿರ ಹತ್ತಿರ ಓಡಕ್ಕೆ ಶುರು ಮಾಡ್ತವೆ. ಕಾಂತರೇಖೆಗಳ ಸುತ್ತ ಸುರುಳಿ ಸುತ್ತುತ್ತಾ ಓಡುವಾಗ ರೇಡಿಯೋ ಅಲೆ ಹೊರಡತ್ತೆ. ಕೆಳಗಿರೋ ದಟ್ಟವಾದ ವರ್ಣಗೋಳಕ್ಕೆ (ನಕ್ಷತ್ರದ ವಾತಾವರಣದ ಕೆಳಗಿನ ಪದರ) ಹೋಗಿ ಗುದ್ದಿದಾಗ ಆ ಜಾಗ ಕೆಲವೇ ಸೆಕೆಂಡಲ್ಲಿ ಕಾದು ಅತಿನೇರಳೆ ಮತ್ತು ನೀಲಿ-ಬಿಳಿ ಬೆಳಕು ಬರತ್ತೆ, ಮೋಟಾಗಿ ಹೇಳೋದಾದ್ರೆ 9,000 ದಿಂದ 10,000 ಕೆಲ್ವಿನ್‌ನ ಬೆಳಕು. ಕಾದ ಅನಿಲಕ್ಕೆ ಅಲ್ಲಿ ಇರಕ್ಕಾಗಲ್ಲ, ಉಕ್ಕಿ ಮೇಲಕ್ಕೆ ಬಂದು ಕಮಾನಿನ ಥರ ಇರೋ ಕಾಂತರೇಖೆಗಳ ಒಳಗೆ ತುಂಬ್ಕೊಳತ್ತೆ. ಈ ತುಂಬಿಕೊಂಡ ಅನಿಲದ ತಾಪಮಾನ ಕೋಟಿ ಡಿಗ್ರಿ ಲೆಕ್ಕದಲ್ಲಿ, ಅದು ಹೊಳೆಯೋದು ಮೃದು ಎಕ್ಸ್-ರೇನಲ್ಲಿ. ಆಮೇಲೆ ನಿಧಾನಕ್ಕೆ ತಣ್ಣಗಾಗ್ತಾ ಹೋಗತ್ತೆ.

ನಲ್ಲಿ ಬಿಟ್ಟು ಬಕೆಟ್ ತುಂಬಿಸೋ ಥರ ಇದು. ನಲ್ಲಿಯಿಂದ ಬೀಳೋ ನೀರು ಅಂದ್ರೆ ರೇಡಿಯೋ, ನೀಲಿ ಬೆಳಕು. ಬಕೆಟ್‌ನಲ್ಲಿರೋ ಮಟ್ಟ ಅಂದ್ರೆ ಎಕ್ಸ್-ರೇ. ನಲ್ಲಿ ಜೋರಾಗಿದ್ದಾಗ ಮಟ್ಟ ಬೇಗ ಬೇಗ ಏರತ್ತೆ, ನಲ್ಲಿ ನಿಂತಾಗ ಮಟ್ಟ ಅದರ ಅತಿ ಎತ್ತರದಲ್ಲಿರತ್ತೆ, ಆಮೇಲೆ ಬಕೆಟ್ ತೂತಿಂದ ಸೋರ್ತಾ ಇಳಿಯತ್ತೆ. ಸೂರ್ಯನಲ್ಲಿ ಈ ಸಂಬಂಧ ಗಮನಿಸಿ 1968ರಲ್ಲಿ ಬರೆದವರು ವರ್ನರ್ ನ್ಯೂಪರ್ಟ್, ಹಾಗಾಗಿ ಇದಕ್ಕೆ ನ್ಯೂಪರ್ಟ್ ಎಫೆಕ್ಟ್ ಅಂತಾನೇ ಹೆಸರು. ಈಗ ನನ್ನ ಪ್ಲಾಟ್ ನೋಡಿ: ನಲ್ಲಿ ಜೋರಾಗಿ ಬಿಡೋಕೆ ಮುಂಚೆನೇ ಬಕೆಟ್ ತುಂಬಿಹೋಗಿದೆ. ಕೈ ನಡುಗದೇ ಇರತ್ತಾ?

ಇಲ್ಲಿ ಒಂದು ವಿಷಯ ಹೇಳ್ಬೇಕು. ಒಂದೇ ದೂರದರ್ಶಕದಿಂದ ಒಂದೇ ತರಂಗಾಂತರದಲ್ಲಿ ನೋಡಿದ್ರೆ ಫ್ಲೇರ್ ಆಯ್ತು ಅಂತ ಗೊತ್ತಾಗತ್ತೆ, ಅಷ್ಟೇ. ಏನು ನಡೀತು ಅಂತ ಗೊತ್ತಾಗಲ್ಲ. ನಕ್ಷತ್ರ ನಮಗೆ ಒಂದು ಚುಕ್ಕಿ, ಸೂರ್ಯನ ಥರ ಹತ್ತಿರ ಹೋಗಿ ಯಾವ ಕಮಾನು ಎಲ್ಲಿ ಹೊತ್ತಿಕೊಳ್ತು ಅಂತ ಫೋಟೋ ತೆಗೆಯಕ್ಕಾಗಲ್ಲ. ಯಾವುದು ಮೊದಲು ಬಂತು ಯಾವುದು ಆಮೇಲೆ ಬಂತು ಅನ್ನೋದಷ್ಟೇ ನಮ್ಮ ಕೈಲಿರೋ ದೊಡ್ಡ ಸುಳಿವು. ಅಂದ್ರೆ ನಮ್ಮ ಕೆಲಸದ ಅರ್ಧ ಜೀವ ಗಡಿಯಾರದಲ್ಲಿದೆ. ಇದು ನನಗೆ ಥಿಯರಿಯಲ್ಲಿ ಗೊತ್ತಿತ್ತು. ಥಿಯರಿಯಲ್ಲಿ.

ಕೆಂಪು ಕುಬ್ಜಗಳನ್ನೇ ಯಾಕೆ ಹಿಡ್ಕೊಳ್ತಾರೆ ಅಂದ್ರೆ ಅವು ಮಂಕು. ಮೇಲ್ಮೈ ಸುಮಾರು 3,000 ಕೆಲ್ವಿನ್, ನೀಲಿ ಬೆಳಕು ಬರೋದೇ ಕಮ್ಮಿ. ಅಂಥ ಕಡೆ 10,000 ಕೆಲ್ವಿನ್‌ನ ಒಂದು ಸಣ್ಣ ಚೂರು ಹೊತ್ತಿಕೊಂಡ್ರೂ ಕತ್ತಲೆ ಕೋಣೆಯಲ್ಲಿ ಬೆಂಕಿಕಡ್ಡಿ ಗೀರಿದ ಹಾಗೆ. ಸೂರ್ಯನಲ್ಲಿ ಎಂಥಾ ದೊಡ್ಡ ಫ್ಲೇರ್ ಆದ್ರೂ ಒಟ್ಟು ಹೊಳಪು ನೂರರಲ್ಲಿ ಒಂದು ಪಾಲು ಕೂಡ ಏರಲ್ಲ, ಆದ್ರೆ ಯುವಿ ಸೆಟಿ ಅನ್ನೋ ನಕ್ಷತ್ರ 1952ರಲ್ಲಿ ಬರೀ 20 ಸೆಕೆಂಡಲ್ಲಿ 75 ಪಟ್ಟು ಬೆಳಗಿಬಿಟ್ಟಿತ್ತು. ಅದಕ್ಕೇ ಈ ಜಾತಿಯ ನಕ್ಷತ್ರಗಳಿಗೆಲ್ಲಾ ಯುವಿ ಸೆಟಿ ಹೆಸರೇ ಅಂಟಿಕೊಂಡಿದೆ. ನೆಲದಿಂದ ನೋಡೋರು ಸಾಧ್ಯ ಇದ್ರೆ ಅತಿನೇರಳೆಗೆ ಹತ್ತಿರದ ಬೆಳಕನ್ನ ಮಾತ್ರ ಬಿಡೋ ಯು ಫಿಲ್ಟರ್ ಹಾಕ್ತಾರೆ, ಫ್ಲೇರ್ ಎದ್ದು ಕಾಣೋದು ಅಲ್ಲೇ. ಟೆಸ್ ನೋಡೋದು ಕೆಂಪು ಬೆಳಕು ಮತ್ತು ಅದರಾಚೆ, ಗ್ರಹ ಹುಡುಕಕ್ಕೆ ಅದು ಸರಿ, ಫ್ಲೇರ್‌ಗೆ ಅಷ್ಟೇನೂ ಒಳ್ಳೇದಲ್ಲ. ಆದ್ರೂ ಒಂದೇ ಕಡೆ ಸುಮಾರು ನಾಲ್ಕು ವಾರ ಹೆಚ್ಚುಕಮ್ಮಿ ಕಣ್ಣು ಮಿಟುಕಿಸದೇ ನೋಡತ್ತಲ್ಲ, ಅದಕ್ಕೋಸ್ಕರ ಎಲ್ಲಾ ಮಾಫಿ.

ಒಂದಕ್ಕಿಂತ ಹೆಚ್ಚು ತರಂಗಾಂತರದಲ್ಲಿ ಒಟ್ಟಿಗೆ ನೋಡೋ ಪದ್ಧತಿ ಶುರುವಾಗಿದ್ದು ಅನುಮಾನದಿಂದ ಅನ್ನೋದು ನನಗೆ ತುಂಬಾ ಇಷ್ಟ. 1958ರ ಸುಮಾರಿಗೆ ಬರ್ನಾರ್ಡ್ ಲವೆಲ್ ಅವರು ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್‌ನ 76 ಮೀಟರ್ ರೇಡಿಯೋ ಡಿಶ್ಶನ್ನ ಈ ನಕ್ಷತ್ರಗಳ ಕಡೆ ತಿರುಗಿಸಿದ್ರು. ಸಿಗ್ನಲ್ ಏನೋ ಬರ್ತಿತ್ತು. ಆದ್ರೆ ರೇಡಿಯೋನಲ್ಲಿ ಭೂಮಿ ಮೇಲಿನ ಗಲಾಟೆನೇ ಎಷ್ಟು ಇರತ್ತೆ ಅಂದ್ರೆ ಯಾರು ನಂಬ್ತಾರೆ? ಹಾಗಾಗಿ ಅಮೆರಿಕದ ಸ್ಮಿತ್ಸೋನಿಯನ್ ವೀಕ್ಷಣಾಲಯದ ಫ್ರೆಡ್ ವಿಪಲ್ ಜೊತೆ ಸೇರ್ಕೊಂಡು, ಉಪಗ್ರಹಗಳನ್ನ ಹಿಂಬಾಲಿಸಕ್ಕೆ ಅಂತ ಇದ್ದ ಬೇಕರ್-ನನ್ ಕ್ಯಾಮೆರಾಗಳಿಂದ ಅದೇ ಹೊತ್ತಲ್ಲಿ ಫೋಟೋ ತೆಗೆಸಿ, ರೇಡಿಯೋ ಏರಿದಾಗ ಬೆಳಕೂ ಏರಿದೆ ಅಂತ 1963ರಲ್ಲಿ ಪ್ರಕಟಿಸಿದ್ರು. ಸಾಕ್ಷಿ ಬೇಕಿತ್ತು, ಅಷ್ಟೇ. 1859ರ ಸೆಪ್ಟೆಂಬರ್ 1ರಂದು ಕ್ಯಾರಿಂಗ್ಟನ್ ಸೂರ್ಯನ ಮೇಲೆ ಮೊದಲ ಸಲ ಫ್ಲೇರ್ ಕಂಡಾಗ ಮಾಡಿದ್ದೂ ಇದನ್ನೇ, ಯಾರನ್ನಾದ್ರೂ ಕರೆದು ತೋರಿಸೋಣ ಅಂತ ಓಡಿದ್ರು, ಒಂದು ನಿಮಿಷದೊಳಗೆ ವಾಪಸ್ ಬರೋ ಹೊತ್ತಿಗೆ ಅದು ಮಂಕಾಗಿಬಿಟ್ಟಿತ್ತು. ಪುಣ್ಯಕ್ಕೆ ಬೇರೆ ಕಡೆಯಿಂದ ಹಾಡ್ಜ್‌ಸನ್ ಅನ್ನೋರೂ ಅದನ್ನೇ ನೋಡಿದ್ರು.

ಸಾಕ್ಷಿ ಇಲ್ದೇ ಇದ್ರೆ ಏನಾಗತ್ತೆ ಅನ್ನೋದಕ್ಕೆ ಬೆಂಕಿಕಡ್ಡಿಯದ್ದೇ ಒಂದು ನಿಜವಾದ ಕಥೆ ಇದೆ. 1960ರ ದಶಕದಲ್ಲಿ ಫ್ರಾನ್ಸ್‌ನ ಓತ್-ಪ್ರೊವಾನ್ಸ್ ವೀಕ್ಷಣಾಲಯದಲ್ಲಿ ಮೂರು ನಕ್ಷತ್ರಗಳ ವರ್ಣಪಟಲದಲ್ಲಿ ಪೊಟ್ಯಾಸಿಯಂನ ಗೆರೆ ಇದ್ದಕ್ಕಿದ್ದಂಗೆ ಹೊಳೀತು, ಪೊಟ್ಯಾಸಿಯಂ ಫ್ಲೇರ್ ಅಂತ ಹೆಸರೂ ಆಯ್ತು. ಬೇರೆ ಯಾರಿಗೂ ಕಾಣ್ತಿಲ್ಲ. ಕೊನೆಗೆ 1967ರಲ್ಲಿ ಅಮೆರಿಕದ ಮೂರು ಜನ ತೋರಿಸಿದ್ದೇನಪ್ಪಾ ಅಂದ್ರೆ ಉಪಕರಣದ ಹತ್ತಿರ ಬೆಂಕಿಕಡ್ಡಿ ಗೀರಿದ್ರೆ ಥೇಟ್ ಹಂಗೇ ಗೆರೆ ಬರತ್ತೆ ಅಂತ. ಯಾರೋ ಸಿಗರೇಟ್ ಹಚ್ಕೊಂಡಿರಬೇಕು! ನನ್ನ 69 ಸೆಕೆಂಡಿನ ತಪ್ಪಿನ ಮುಂದೆ (ಅದು ಏನು ಅಂತ ಆಮೇಲೆ ಹೇಳ್ತೀನಿ) ಇದು ಎಷ್ಟೋ ಮೇಲು ಅನ್ನಿಸತ್ತೆ, ಕನಿಷ್ಠ ಅದರಲ್ಲಿ ಒಂದು ದಮ್ ಆದ್ರೂ ಸಿಕ್ಕಿತ್ತು.

ಸರಿ, ಒಟ್ಟಿಗೆ ನೋಡೋಣ ಅಂತ ಹೊರಟ್ರೆ ಏನೇನು ಅಡ್ಡ ಬರತ್ತೆ ಅನ್ನೋದು ಬೇರೆಯೇ ರಾಮಾಯಣ. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅಂತಾರಲ್ಲ, ಹಂಗೆ. ಎಕ್ಸ್-ರೇ ನೋಡೋ ಎಕ್ಸ್‌ಎಂಎಂ-ನ್ಯೂಟನ್ ಉಪಗ್ರಹ ನಮ್ಮಂಥವರಿಗೆ ಪ್ರಾಣ, ಯಾಕಂದ್ರೆ ಅದರ ಕಕ್ಷೆ 48 ಗಂಟೆಯದ್ದು, ಒಂದೇ ನಕ್ಷತ್ರವನ್ನ ಗಂಟೆಗಟ್ಟಲೆ ಬಿಡದೇ ನೋಡಬಹುದು. ಹಬಲ್ ಥರ ಭೂಮಿಗೆ ಹತ್ತಿರ ಸುತ್ತೋದಾದ್ರೆ ಒಂದೂವರೆ ಗಂಟೆಗೊಂದು ಸಲ ಭೂಮಿಯೇ ಅಡ್ಡ ಬಂದು ನಿಲ್ಲತ್ತೆ, ಫ್ಲೇರ್ ಆಗೋದು ಸರಿಯಾಗಿ ಆ ಗ್ಯಾಪಲ್ಲೇ (ಇದು ವೈಜ್ಞಾನಿಕ ಸತ್ಯ ಅಲ್ಲ, ನನ್ನ ಹೊಟ್ಟೆಉರಿ). ಆದ್ರೆ ಎಕ್ಸ್‌ಎಂಎಂ ತನ್ನ ಸೌರಫಲಕಗಳನ್ನ ಸೂರ್ಯನ ಕಡೆಗೇ ಇಟ್ಕೋಬೇಕಾದ್ದರಿಂದ ಸೂರ್ಯನಿಗೆ ಸುಮಾರು ಲಂಬಕೋನದಲ್ಲಿರೋ ನಕ್ಷತ್ರಗಳನ್ನ ಮಾತ್ರ ನೋಡತ್ತೆ. ಸೂರ್ಯನಿಂದ 90 ಡಿಗ್ರಿ ದೂರ ಅಂದ್ರೆ ನೆಲದ ಮೇಲಿರೋರಿಗೆ ಆ ನಕ್ಷತ್ರ ಅರ್ಧ ರಾತ್ರಿ ಮಾತ್ರ ಸಿಗತ್ತೆ, ಒಂದೋ ಸಂಜೆಯಿಂದ ಅರ್ಧ, ಇಲ್ಲಾ ಬೆಳಗಿನ ಜಾವದ ಅರ್ಧ. ಅಂದ್ರೆ ಪ್ಲಾನ್ ಹಾಕಿದ ದಿನವೇ ಅರ್ಧ ಆಟ ಮುಗಿದಿರತ್ತೆ. ಉಳಿದ ಅರ್ಧಕ್ಕೆ ಮೋಡ.

ಹಬಲ್‌ಗೆ ಇನ್ನೊಂದು ತಕರಾರಿದೆ. ಅದರ ಅತಿನೇರಳೆ ಡಿಟೆಕ್ಟರ್‌ಗಳ ಮೇಲೆ ಒಂದೇ ಸಲ ಜಾಸ್ತಿ ಬೆಳಕು ಬಿದ್ರೆ ಕೆಟ್ಟುಹೋಗೋ ಭಯ, ಹಾಗಾಗಿ ಫ್ಲೇರ್ ಮಾಡೋ ನಕ್ಷತ್ರ ನೋಡ್ಬೇಕು ಅಂದ್ರೆ "ಅದು ಫ್ಲೇರ್ ಮಾಡಿದ್ರೂ ಲಿಮಿಟ್ ದಾಟಲ್ಲ" ಅಂತ ಮೊದಲೇ ಲೆಕ್ಕ ತೋರಿಸ್ಬೇಕು. ನಾವು ಹೋಗ್ತಿರೋದೇ ಫ್ಲೇರ್ ನೋಡಕ್ಕೆ, ದೊಡ್ಡದು ಆದಷ್ಟೂ ಒಳ್ಳೇದು, ಅರ್ಜಿಯಲ್ಲಿ ಬರೆಯೋದು ಮಾತ್ರ ದೊಡ್ಡದು ಆಗಲ್ಲ ಸ್ವಾಮಿ ಅಂತ.

ಆದ್ರೂ ಕೂಡಿ ಬಂದಾಗ ಸಿಗೋ ಫಲ ಬೇರೆನೇ. 2019ರ ಮೇ 1, ಪ್ರಾಕ್ಸಿಮಾ ಸೆಂಟಾರಿ, ನಮಗೆ ಅತಿ ಹತ್ತಿರದ ನಕ್ಷತ್ರ, 4.24 ಜ್ಯೋತಿರ್ವರ್ಷ. ಮೆರಿಡಿತ್ ಮೆಕ್‌ಗ್ರೆಗರ್ ಅವರ ತಂಡ ಹಬಲ್, ಮಿಲಿಮೀಟರ್ ಅಲೆ ನೋಡೋ ಆಲ್ಮಾ ದೂರದರ್ಶಕ, ಟೆಸ್, ಆಸ್ಟ್ರೇಲಿಯಾದ ಆಸ್ಕ್ಯಾಪ್ ರೇಡಿಯೋ ದೂರದರ್ಶಕ ಎಲ್ಲಾ ಸೇರಿಸಿ ನೋಡ್ತಿದ್ದಾಗ ಒಂದು ಫ್ಲೇರ್ ಬಂತು. ಇದ್ದಿದ್ದು ಸುಮಾರು 7 ಸೆಕೆಂಡು. ಅಷ್ಟರಲ್ಲಿ ಅತಿನೇರಳೆಯಲ್ಲಿ 14,000 ಪಟ್ಟಿಗಿಂತ ಹೆಚ್ಚು ಹೊಳಪು, ಆಲ್ಮಾದ ಮಿಲಿಮೀಟರ್ ಅಲೆಗಳಲ್ಲಿ ಸಾವಿರ ಪಟ್ಟಿಗೂ ಮೇಲೆ. ಟೆಸ್ ಡೇಟಾದಲ್ಲಿ? ಬರೀ ಅದೊಂದನ್ನೇ ನೋಡಿದ್ದಿದ್ರೆ ಯಾರೂ ತಲೆ ಕೆಡಿಸ್ಕೊಳ್ತಿರಲಿಲ್ಲ. ಆಗ ಟೆಸ್ ಎರಡೆರಡು ನಿಮಿಷದ ಬೆಳಕನ್ನ ಒಟ್ಟುಹಾಕ್ತಿತ್ತು, ಅದರಲ್ಲಿ 7 ಸೆಕೆಂಡಿನದ್ದು ಕರಗಿಹೋಗತ್ತೆ, ಮೇಲಿಂದ ಫಿಲ್ಟರ್ ಬೇರೆ ಕೆಂಪು. ಅತಿನೇರಳೆಯೂ ಮಿಲಿಮೀಟರ್ ಅಲೆಯೂ ಹೆಚ್ಚುಕಮ್ಮಿ ಒಟ್ಟೊಟ್ಟಿಗೇ ಏರಿ ಇಳಿದಿದ್ದವು ಅನ್ನೋದೇ ಅಲ್ಲಿ ನಿಜವಾದ ಸುದ್ದಿ. ಅದಕ್ಕೂ ಮುಂಚೆ ಮಿಲಿಮೀಟರ್ ಅಲೆಯಲ್ಲಿ ಫ್ಲೇರ್ ಹುಡುಕ್ಬೇಕು ಅಂತ ಜಾಸ್ತಿ ಯಾರಿಗೂ ಹೊಳೆದಿರಲಿಲ್ಲ. 2017ರಲ್ಲಿ ಇದೇ ಪ್ರಾಕ್ಸಿಮಾದ ಆಲ್ಮಾ ಡೇಟಾದಲ್ಲಿ ಸುತ್ತ ಧೂಳಿನ ಬಳೆ ಇದೆ ಅಂತ ಹೇಳಿದ್ರು, ಆಮೇಲೆ ಮೆಕ್‌ಗ್ರೆಗರ್ ಮತ್ತು ಜೊತೆಯವರೇ ಅದೇ ಡೇಟಾ ಟೈಮ್ ಪ್ರಕಾರ ಬಿಡಿಸಿ ನೋಡಿ, ಅದರ ಬಹುಪಾಲು ಒಂದೇ ಒಂದು ಫ್ಲೇರ್‌ನಿಂದ ಬಂದಿದ್ದು ಅಂತ ತೋರಿಸಿದ್ರು. ಟೈಮು, ಟೈಮು, ಟೈಮು.

ಕೆಲವು ಸಲ ಯಾರೂ ಪ್ಲಾನ್ ಮಾಡ್ದೇನೂ ಸಿಗತ್ತೆ. 2014ರ ಏಪ್ರಿಲ್ 23ರಂದು ಡಿಜಿ ಕೇನಮ್ ವೆನಾಟಿಕೋರಮ್ ಅನ್ನೋ ಕೆಂಪು ಕುಬ್ಜಗಳ ಜೋಡಿಯಲ್ಲಿ ಒಂದು ಸಿಡೀತು, ಗಾಮಾ-ಕಿರಣ ಸ್ಫೋಟಕ್ಕೆ ಅಂತ ಮಾಡಿಟ್ಟ ಸ್ವಿಫ್ಟ್ ಉಪಗ್ರಹ ಮೋಸಹೋಗಿ ತಾನೇ ಆ ಕಡೆ ತಿರುಗಿ ಎಕ್ಸ್-ರೇ, ಅತಿನೇರಳೆ ಎರಡರಲ್ಲೂ ನೋಡ್ತು. ಪೀಕ್‌ನಲ್ಲಿ 20 ಕೋಟಿ ಡಿಗ್ರಿ. ಬರೀ ಎಕ್ಸ್-ರೇ ಹೊಳಪೇ ಆ ಎರಡೂ ನಕ್ಷತ್ರ ಮಾಮೂಲಿ ದಿನದಲ್ಲಿ ಎಲ್ಲಾ ತರಂಗಾಂತರದಲ್ಲಿ ಕೊಡೋ ಒಟ್ಟು ಬೆಳಕನ್ನ ಮೀರಿಸಿತ್ತು.

ಇನ್ನು ನ್ಯೂಪರ್ಟ್ ಬಕೆಟ್ ವಿಷಯ. ನಾನು ಅಷ್ಟು ಬೇಗ ನನ್ನ ಪ್ಲಾಟನ್ನ ನಂಬಿದ್ದಕ್ಕೆ ಒಂದು ಸಬೂಬು ಇದೆ. ನಕ್ಷತ್ರಗಳು ನಿಜಕ್ಕೂ ಸೂರ್ಯನ ಮಾತು ಪೂರ್ತಿ ಕೇಳಲ್ಲ. ಎಯು ಮೈಕ್ರೋಸ್ಕೋಪಿಯಮ್ ಅನ್ನೋ ಚಿಕ್ಕ ವಯಸ್ಸಿನ ನಕ್ಷತ್ರವನ್ನ 2018ರ ಅಕ್ಟೋಬರ್‌ನಲ್ಲಿ 7 ದಿನ ಹಲವು ತರಂಗಾಂತರಗಳಲ್ಲಿ ಕಾದು ನೋಡಿದ್ರು, ಎಕ್ಸ್-ರೇ ಮತ್ತು ಬೆಳಕಿನ ಡೇಟಾ ಸೇರಿ 73 ಫ್ಲೇರ್ ಸಿಕ್ಕಿದ್ವು. ಅತಿನೇರಳೆ ಮತ್ತು ಎಕ್ಸ್-ರೇ ಹೋಲಿಸೋಕೆ ಆಗಿದ್ದ 46ರಲ್ಲಿ 30, ಅಂದ್ರೆ 65 ಪರ್ಸೆಂಟ್, ಬಕೆಟ್ ನಿಯಮ ಸರಿಯಾಗಿ ಪಾಲಿಸಿಲ್ಲ. ಕೆಲವದ್ರಲ್ಲಿ ನಲ್ಲಿ ಮಾತ್ರ ಇದೆ, ಬಕೆಟ್ ಇಲ್ಲ. ಕೆಲವದ್ರಲ್ಲಿ ಬಕೆಟ್ ತುಂಬಿದೆ, ನಲ್ಲಿ ಎಲ್ಲಿದ್ಯೋ ಗೊತ್ತಿಲ್ಲ. 2001ರಲ್ಲಿ ಇವಿ ಲ್ಯಾಸರ್ಟೆ ಅನ್ನೋ ಕೆಂಪು ಕುಬ್ಜದ ಮೇಲೆ ರೇಚಲ್ ಓಸ್ಟನ್ ಮತ್ತವರ ಜೊತೆಯವರು ರೇಡಿಯೋದಿಂದ ಎಕ್ಸ್-ರೇ ತನಕ ನೋಡಿದಾಗಲೂ ಒಂದರಲ್ಲಿ ಆದ ಫ್ಲೇರ್‌ಗೂ ಇನ್ನೊಂದರಲ್ಲಿ ಆದ ಫ್ಲೇರ್‌ಗೂ ಸರಳವಾದ ತಾಳೆ ಸಿಕ್ಕಿರಲಿಲ್ಲ. ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು ಅನ್ನೋ ಥರದ ಜೋಡಿಗಳೂ ಇರಬಹುದು, ಯಾಕಂದ್ರೆ ತುಂಬಾ ಚುರುಕಿನ ನಕ್ಷತ್ರದಲ್ಲಿ ಒಂದು ಕಡೆ ಒಂದು ಫ್ಲೇರ್ ಆಗ್ತಿದ್ರೆ ಅದೇ ಹೊತ್ತಿಗೆ ಆ ಬದಿಯಲ್ಲಿ ಇನ್ನೊಂದು ಆಗ್ತಿರತ್ತೆ, ನಮಗೆ ಬರೋದು ಎರಡೂ ಸೇರಿದ ಒಂದೇ ಚುಕ್ಕಿ.

ಹಾಗಾಗಿ "ಎಕ್ಸ್-ರೇ ಮೊದಲು" ಅನ್ನೋದು ಅಸಾಧ್ಯ ಅಂತೇನಿಲ್ಲ. ನನ್ನದು ಮಾತ್ರ ಅದಾಗಿರಲಿಲ್ಲ.

ಆ ಸಂಜೆಗೆ ವಾಪಸ್ ಬರೋಣ. ಭೂಮಿ ಸೂರ್ಯನ್ನ ಸುತ್ತೋದ್ರಿಂದ ಒಂದೇ ನಕ್ಷತ್ರದ ಬೆಳಕು ವರ್ಷದ ಒಂದು ಕಾಲದಲ್ಲಿ ನಮಗೆ ಬೇಗ, ಇನ್ನೊಂದು ಕಾಲದಲ್ಲಿ ತಡವಾಗಿ ಮುಟ್ಟತ್ತೆ, ವ್ಯತ್ಯಾಸ ಹೆಚ್ಚಂದ್ರೆ 8 ನಿಮಿಷಕ್ಕೂ ಸ್ವಲ್ಪ ಮೇಲೆ ಆ ಕಡೆ ಈ ಕಡೆ. ಅದನ್ನ ತೆಗೆಯಕ್ಕೆ ಎಲ್ಲಾ ಸಮಯವನ್ನೂ ಸೌರವ್ಯೂಹದ ದ್ರವ್ಯಕೇಂದ್ರಕ್ಕೆ ಬದಲಾಯಿಸ್ತಾರೆ. ಇದನ್ನ ನಾನು ಮಾಡಿದ್ದೆ, ಮೂರಕ್ಕೂ ಮಾಡಿದ್ದೆ, ಎದೆ ತಟ್ಕೊಂಡು ಹೇಳಿದೆ ಕೂಡ. ಆದ್ರೆ ದ್ರವ್ಯಕೇಂದ್ರಕ್ಕೆ ಬದಲಾಯಿಸಿದ ಮೇಲೂ ಗಡಿಯಾರ ಯಾವುದು ಅನ್ನೋ ಪ್ರಶ್ನೆ ಉಳಿಯತ್ತೆ. ಟೆಸ್ ಡೇಟಾ ಬರೋದು ಟಿಡಿಬಿ ಅನ್ನೋ, ಖಗೋಳದವರು ಬಳಸೋ ಒಂದೇ ಸಮ ಓಡೋ ಸಮಯದಲ್ಲಿ. ನಮ್ಮ ಮಾಮೂಲಿ ಗಡಿಯಾರಗಳಿಗೆ ಆಧಾರವಾದ ಯುಟಿಸಿಯಲ್ಲಿ ಭೂಮಿ ತಿರುಗೋದಕ್ಕೆ ಹೊಂದಿಸಕ್ಕೆ ಆಗಾಗ ಒಂದು ಲೀಪ್ ಸೆಕೆಂಡ್ ಸೇರಿಸ್ತಾರೆ, ಟಿಡಿಬಿಯಲ್ಲಿ ಆ ರಗಳೆ ಇಲ್ಲ, ಹಾಗಾಗಿ ಎರಡೂ ದೂರ ಆಗ್ತಾ ಬಂದಿವೆ. ಲೀಪ್ ಸೆಕೆಂಡ್ ಲೆಕ್ಕದ 37, ಅದಕ್ಕೆ ಮೊದಲಿಂದ ಇರೋ 32.184, ಒಟ್ಟು 69.184 ಸೆಕೆಂಡು ಟಿಡಿಬಿ ಮುಂದೆ. ಎಕ್ಸ್-ರೇ ಫೈಲನ್ನ ತಾರೀಖಿಗೆ ಬದಲಾಯಿಸಕ್ಕೆ ಯಾವಾಗಲೋ ಬರೆದಿಟ್ಟ ನನ್ನದೇ ಒಂದು ಸ್ಕ್ರಿಪ್ಟ್ ಇತ್ತು, ಅದು ಕೊನೆಯ ಸಾಲಲ್ಲಿ ಸದ್ದಿಲ್ಲದೇ ಯುಟಿಸಿ ಮಾಡಿಕೊಡ್ತಿತ್ತು. ಬರೆದವನು ನಾನೇ, ಬೈಯೋಕೆ ಬೇರೆ ಯಾರೂ ಇಲ್ಲ.

69 ಸೆಕೆಂಡು ಸರಿಸಿದೆ. ಎಕ್ಸ್-ರೇ ಪೀಕ್ ಬೆಳಕಿಗಿಂತ ಸುಮಾರು 40 ಸೆಕೆಂಡು ಹಿಂದೆ ಹೋಗಿ ಸಭ್ಯವಾಗಿ ಕೂತ್ಕೊಂಡ್ತು. ಪಠ್ಯಪುಸ್ತಕಕ್ಕೆ ಹಾಕೋ ಹಂಗಿತ್ತು ಪ್ಲಾಟ್.

ಸಮಾಧಾನಕ್ಕೆ ಅಂತ ಸೀನಿಯರ್ ಹೇಳಿದ್ದು: ಗ್ರಹ ಹುಡುಕ್ತಿದ್ದ ಕೆಪ್ಲರ್ ಬಾಹ್ಯಾಕಾಶ ದೂರದರ್ಶಕದ ಮೊದಲ ವರ್ಷಗಳ ಡೇಟಾದಲ್ಲೂ ಇದೇ ತಪ್ಪಿತ್ತು, ಟಿಡಿಬಿ ಅಂತ ಹೇಳಿ ಕೊಟ್ಟಿದ್ದು ನಿಜವಾಗಿ ಯುಟಿಸಿ, ಆಗಿನ ಲೆಕ್ಕದಲ್ಲಿ 66.184 ಸೆಕೆಂಡು. ಆಮೇಲೆ ಸರಿಮಾಡಿ ಮತ್ತೆ ಕೊಟ್ರು. ಟೆಸ್‌ನ ಶುರುವಿನ ಡೇಟಾದಲ್ಲೂ 2 ಸೆಕೆಂಡಿನ ಒಂದು ತಿದ್ದುಪಡಿ ಇದೆ. ಗ್ರಹ ಹುಡುಕೋರಿಗೆ 2 ಸೆಕೆಂಡು ಜಾಸ್ತಿ ಏನಲ್ಲ, 7 ಸೆಕೆಂಡಿನ ಫ್ಲೇರ್ ಹಿಂದೆ ಬಿದ್ದವರಿಗೆ ಅದು ದೊಡ್ಡದೇ.

ಪ್ರಾಕ್ಸಿಮಾದಂಥ ನಕ್ಷತ್ರದ ಸುತ್ತ ಗ್ರಹ ಇದೆ, ಅದರ ವಾತಾವರಣ ಈ ಫ್ಲೇರ್‌ಗಳನ್ನ ತಡ್ಕೊಳತ್ತಾ ಅಂತ ಜನ ಕೇಳ್ತಾರೆ. ಅದಕ್ಕೆ ಫ್ಲೇರ್‌ನ ಬೆಳಕಿನ ಜೊತೆ ಎಷ್ಟು ದ್ರವ್ಯ ಹೊರಗೆ ಎಸೆಯಲ್ಪಡತ್ತೆ ಅನ್ನೋದೂ ಗೊತ್ತಾಗ್ಬೇಕು, ಅದು ಇನ್ನೂ ಕಷ್ಟ. 2025ರಲ್ಲಿ ಲೋಫಾರ್ ರೇಡಿಯೋ ದೂರದರ್ಶಕದ ಹಳೇ ಡೇಟಾದಲ್ಲಿ ಒಂದು ಕೆಂಪು ಕುಬ್ಜದಿಂದ ಸೆಕೆಂಡಿಗೆ ಸುಮಾರು 2,400 ಕಿಲೋಮೀಟರ್ ವೇಗದಲ್ಲಿ ದ್ರವ್ಯ ಹೊರಗೆ ಹೋದ ಗುರುತು ಸಿಕ್ಕಿದ್ದು, ಎಕ್ಸ್‌ಎಂಎಂ-ನ್ಯೂಟನ್ ಕೂಡ ಆ ನಕ್ಷತ್ರ ಎಂಥದ್ದು ಅಂತ ತಿಳಿಯಕ್ಕೆ ಸಹಾಯ ಮಾಡಿದ್ದು ದೊಡ್ಡ ಸುದ್ದಿ ಆಯ್ತು. ಅದರ ಬಗ್ಗೆ ಬರೆದ್ರೆ ಇನ್ನೊಂದು ಪೋಸ್ಟ್ ಆಗತ್ತೆ, ಬಿಡಿ.

ನನ್ನ ಡೇಟಾದಲ್ಲಿ ಇನ್ನೂ ಒಂದು ಉಳಿದಿದೆ. ಆ ಫ್ಲೇರ್ ಮುಗಿದು ಸುಮಾರು ಎರಡು ಗಂಟೆ ಆದ್ಮೇಲೆ ರೇಡಿಯೋನಲ್ಲಿ ಒಂದು ಚೂಪಾದ ಏರಿಕೆ, ಹೆಚ್ಚುಕಮ್ಮಿ ಪೂರ್ತಿ ವೃತ್ತೀಯವಾಗಿ ಧ್ರುವೀಕರಣ ಆಗಿರೋದು (ಅಲೆಯ ಕಂಪನ ಒಂದೇ ದಿಕ್ಕಿಗೆ ತಿರುಗ್ತಾ ಬರೋದು), ಸುರುಳಿ ಸುತ್ತೋ ಎಲೆಕ್ಟ್ರಾನುಗಳ ಮಾಮೂಲಿ ರೇಡಿಯೋ ಹಂಗಿರಲ್ಲ, ಇದು ಎಲೆಕ್ಟ್ರಾನುಗಳು ಒಟ್ಟಾಗಿ ಮೇಸರ್ (ಲೇಸರ್‌ನ ರೇಡಿಯೋ ರೂಪ) ಥರ ಹೊರಡಿಸೋ ಜಾತಿದು ಇರಬೇಕು. ಬೆಳಕಿನಲ್ಲಿ ಏನೂ ಇಲ್ಲ. ಎಕ್ಸ್-ರೇನಲ್ಲಿ ಏನೂ ಇಲ್ಲ. ಗಡಿಯಾರ ಮೂರು ಸಲ ನೋಡಿದೀನಿ, ನಾಳೆ ಸೀನಿಯರ್‌ಗೆ ತೋರಿಸೋಕೆ ಮುಂಚೆ ಇನ್ನೊಂದು ಸಲ ನೋಡ್ತೀನಿ.